ಬೆಳೆಯೋ ಹುಡುಗನಾದರೂ ಹೆಲ್ಮೆಟ್ ಒಂದು ಸೈಜ್ ದೊಡ್ಡದು ಬೇಡ

ನಮ್ಮ ಕಡೆ ಅಂಗಡಿಗೆ ಹೋದರೆ ಈ ಮಾತು ತಪ್ಪುವುದಿಲ್ಲ: "ಬೆಳಿಯೋ ಹುಡುಗ ಇದ್ದಾನ್ರಿ, ಒಂದು ಸೈಜ್ ದೊಡ್ಡದೇ ಕೊಡ್ರಿ." ಶಾಲೆ ಯೂನಿಫಾರ್ಮಿಗೆ, ಹಬ್ಬದ ಅಂಗಿಗೆ ಈ ಲೆಕ್ಕ ಸರಿಯೇ. ಡರ್ಟ್ ಬೈಕ್, ಅಂದರೆ ಹೊಲ, ಮಣ್ಣು ಹಾದಿಯಲ್ಲಿ ಓಡಿಸುವ ಬೈಕ್, ಓಡಿಸುವ ಹುಡುಗನ ಹೆಲ್ಮೆಟ್ಟಿಗೆ ಮಾತ್ರ ಇದು ಹೊಂದುವುದಿಲ್ಲ. ಕಲಬುರಗಿಯಲ್ಲಿರುವ ನಮ್ಮಣ್ಣ ಎಂಟು ವರ್ಷದ ಮಗನಿಗೆ 49 ಸಿಸಿಯ ಪುಟ್ಟ ಬೈಕ್ ಕೊಡಿಸಿದ್ದಾನೆ. ಅವತ್ತಿನಿಂದ ಫೋನಿನಲ್ಲಿ ನಮ್ಮಿಬ್ಬರದು ಇದೇ ವಾದ.

ನಾನಿರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಟೂವೂಂಬಾ ಎಂಬ ಊರಿನಲ್ಲಿ. ಊರು ದಾಟಿ ಪಶ್ಚಿಮಕ್ಕೆ ಹೋದರೆ ಡಾರ್ಲಿಂಗ್ ಡೌನ್ಸ್ ಬಯಲು. ಕರಿ ಎರೆಮಣ್ಣು, ಜೋಳ, ಹತ್ತಿ. ಕಲಬುರಗಿಯ ಜೇವರ್ಗಿ ರಸ್ತೆಗೆ ಬಂದಂತೆಯೇ ಅನಿಸುತ್ತದೆ, ಜನ ಮಾತ್ರ ಕಡಿಮೆ. ಅಲ್ಲಿನ ಹೊಲದ ಮನೆಗಳಲ್ಲಿ ಐದಾರು ವರ್ಷದ ಮಕ್ಕಳೂ ಯಮಹಾದ ಪಿಡಬ್ಲ್ಯು 50 ಓಡಿಸುತ್ತವೆ. ಎಲ್ಲರ ಬಾಯಲ್ಲೂ ಅದು 'ಪೀವೀ'. 1980ರ ದಶಕದ ಶುರುವಿನಿಂದ ಬರುತ್ತಿರುವ ಗಾಡಿ. ಗೇರ್ ಹಾಕುವ ಗೋಜಿಲ್ಲ, ಕ್ಲಚ್ ಇಲ್ಲ. ಆಕ್ಸಿಲರೇಟರ್ ಎಷ್ಟು ತಿರುಗಬೇಕು ಎಂಬುದನ್ನು ದೊಡ್ಡವರು ಒಂದು ಸ್ಕ್ರೂನಿಂದ ಕಟ್ಟಿಹಾಕಬಹುದು.

ತಮಾಷೆ ಎಂದರೆ, ಅದೇ ಮಗುವನ್ನು ಎಂಟು ವರ್ಷ ತುಂಬುವ ತನಕ ಇಲ್ಲಿ ರಸ್ತೆಯ ಮೇಲೆ ಬೈಕಿನ ಹಿಂದೆ ಕೂರಿಸುವಂತಿಲ್ಲ. ತುಂಬಿದ ಮೇಲೂ ಕಾಲು ಫುಟ್‌ರೆಸ್ಟಿಗೆ ಎಟುಕಬೇಕು. ನಮ್ಮಲ್ಲಿ ಉಲ್ಟಾ. ಟ್ಯಾಂಕಿನ ಮೇಲೆ ಒಂದು ಮಗು, ಅಪ್ಪ ಅವ್ವನ ನಡುವೆ ಇನ್ನೊಂದು, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಸುತ್ತಿ ಬರುತ್ತಾರೆ. ಕಾಯಿದೆ ಇಲ್ಲ ಅಂತಲ್ಲ. ನಾಲ್ಕು ವರ್ಷ ದಾಟಿದವರಿಗೆಲ್ಲ ಹೆಲ್ಮೆಟ್ ಕಡ್ಡಾಯ. 2023ರ ಫೆಬ್ರುವರಿ 15ರಿಂದ ಅದಕ್ಕಿಂತ ಚಿಕ್ಕವರಿಗೂ, 9 ತಿಂಗಳ ಕೂಸಿನಿಂದ ಹಿಡಿದು, ಹೆಲ್ಮೆಟ್ ಬೇಕು, ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು, ವೇಗ 40 ಕಿಲೋಮೀಟರ್ ದಾಟಬಾರದು. ಅಣ್ಣನಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟ. "ದೊಡ್ಡವ್ರೇ ಹೆಲ್ಮೆಟ್ ಹಾಕ್ಕೊಳಂಗಿಲ್ಲ, ಹುಡುಗಗ ಏನ್ ಹಾಕಸ್ತಿ ತಮ್ಮಾ?"

ಹುಡುಗನಿಗೇ ಮೊದಲು ಹಾಕಿಸಬೇಕು. ಕಾರಣ ಅವನ ಮೈಕಟ್ಟಿನಲ್ಲೇ ಇದೆ. ಮಕ್ಕಳ ತಲೆ ಮೈಗಿಂತ ಬೇಗ ಬೆಳೆದುಬಿಡುತ್ತದೆ. ಐದಾರು ವರ್ಷಕ್ಕೆಲ್ಲ ತಲೆಯ ಸುತ್ತಳತೆ ದೊಡ್ಡವರದರ ಶೇಕಡಾ 90ರ ಹತ್ತಿರ ಬಂದಿರುತ್ತದೆ. ಕುತ್ತಿಗೆ ಮಾತ್ರ ಇನ್ನೂ ಎಳೆಯದು. ದೊಡ್ಡ ತಲೆ, ಸಣ್ಣ ಕತ್ತು. ಅದರ ಮೇಲೆ ಅಪ್ಪನ ಭಾರದ ಹೆಲ್ಮೆಟ್ ಕೂರಿಸಿದರೆ ಬಿದ್ದಾಗ ಆ ಭಾರವೇ ಕತ್ತನ್ನು ಎಳೆಯುತ್ತದೆ. ಇನ್ನು ಬೆಳೆಯುವ ಲೆಕ್ಕಕ್ಕೆ ಬಂದರೆ, ಎಂಟು ವರ್ಷದವನ ತಲೆ ಬೆಳೆಯುವುದು ಬಾಕಿ ಇರುವುದೇ ಸ್ವಲ್ಪ. ಕಾಲು ಬೆಳೆದ ಹಾಗೆ ಅದು ವರ್ಷಕ್ಕೊಂದು ಸೈಜ್ ಬೆಳೆಯುವುದಿಲ್ಲ. ಹಾಗಿದ್ದ ಮೇಲೆ ದೊಡ್ಡದು ತಂದು ಉಳಿಸುವುದು ಏನು?

ದರ್ಜಿಯ ಟೇಪ್ ತಗೊಂಡು ಹುಬ್ಬಿನ ಸ್ವಲ್ಪ ಮೇಲೆ ತಲೆಯ ಸುತ್ತ ಅಳೆಯಬೇಕು. ಅಂಗಡಿಗೆ ಹುಡುಗನನ್ನೇ ಕರೆದುಕೊಂಡು ಹೋಗಬೇಕು. ಹಾಕಿದಾಗ ಕೆನ್ನೆ ಒಳಗಿನ ಮೆತ್ತೆಗೆ ಒತ್ತಿಕೊಳ್ಳಬೇಕು. ಹೆಲ್ಮೆಟ್ ಹಿಡಿದು ಆಚೀಚೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೇ ಸರಿಯಬೇಕು. ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ನೋಡಿ. ಕಳಚಿ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಐಎಸ್‌ಐ ಗುರುತು, ಐಎಸ್ 4151 ಎಂಬ ನಂಬರ್ ಇರಬೇಕು. 2021ರ ಜೂನ್‌ನಿಂದ ಅದಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಆದರೂ ರಸ್ತೆ ಬದಿಯಲ್ಲಿ ಟೋಪಿಯಂಥವು ರಾಶಿ ಬಿದ್ದಿರುತ್ತವೆ, ಅವು ಪೊಲೀಸರ ಕಣ್ಣಿಗೆ ಮಾತ್ರ ಹೆಲ್ಮೆಟ್. ಡರ್ಟ್ ಬೈಕಿಗೆ ಗದ್ದ ಪೂರ್ತಿ ಮುಚ್ಚುವ, ಮುಂದಕ್ಕೆ ಚಾಚಿದ ಹೆಲ್ಮೆಟ್ಟೇ ಬೇಕು. ಮಕ್ಕಳು ಹ್ಯಾಂಡಲ್ ಮೇಲಿಂದ ಮುಗ್ಗರಿಸಿ ಬೀಳುವುದುಂಟು.

ಒಬ್ಬರು ಹಾಕಿ ಬಿಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವುದು ನಮ್ಮಲ್ಲಿ ಇದ್ದದ್ದೇ. ಅಣ್ಣನ ಪ್ಯಾಂಟ್ ತಮ್ಮನಿಗೆ, ಅತ್ತೆ ಮಗನ ಸೈಕಲ್ ನನಗೆ. ಇಲ್ಲಿನ ಅಪ್ಪಂದಿರೂ ಅದನ್ನೇ ಮಾಡುತ್ತಾರೆ. ಬೂಟು, ಪ್ಯಾಂಟು, ಎದೆಯ ಗಾರ್ಡು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತವೆ. ಹೆಲ್ಮೆಟ್ ಮಾತ್ರ ಯಾರೂ ಕೊಡುವುದಿಲ್ಲ, ಕೊಟ್ಟರೂ ತಗೊಳ್ಳುವುದಿಲ್ಲ. ಅದರೊಳಗಿನ ಥರ್ಮಾಕೋಲಿನಂಥ ಪದರ ಒಮ್ಮೆ ಪೆಟ್ಟು ತಿಂದು ಅಮುಕಿದರೆ ಮತ್ತೆ ಉಬ್ಬುವುದಿಲ್ಲ. ಹೊರಗಿನ ಚಿಪ್ಪು ಹೊಸದರಂತೆ ಹೊಳೆಯುತ್ತಿರುತ್ತದೆ.

ಇಲ್ಲಿಯವರದು ಎಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಬೈಕಿನ ಬಣ್ಣಕ್ಕೆ ಹೊಂದುವ ಜೆರ್ಸಿ, ಅದಕ್ಕೆ ಹೊಂದುವ ಪ್ಯಾಂಟ್, ಬೆನ್ನ ಮೇಲೆ ಮಗುವಿನ ಹೆಸರು. ಈ ಹುಚ್ಚು ಇವರಿಗೆ ವಿಪರೀತ. ಜೆರ್ಸಿ ಅನ್ನೋದು ತೆಳು ಬಟ್ಟೆ ಅಷ್ಟೇ, ಬೆವರು ಆರಲಿ ಅಂತ ಹಾಕೋದು. ಜೆರ್ಸಿಗೆ ಸುರಿದ ದುಡ್ಡನ್ನು ಮೊಣಕಾಲಿನ ಗಾರ್ಡಿಗೆ ಹಾಕದವರನ್ನು ಇಲ್ಲೂ ನೋಡಿದ್ದೇನೆ. ನಮ್ಮ ಹುಡುಗನಿಗೆ ತುಂಬು ತೋಳಿನ ಹಳೆ ಅಂಗಿ, ದಪ್ಪ ಜೀನ್ಸ್ ಸಾಕು. ಒಳಗೆ ಮೊಣಕಾಲು, ಮೊಣಕೈ ಗಾರ್ಡು ಇರಲಿ. ಅವೂ ಅಳತೆಗೆ ಸರಿಯಾಗಿ ಇರಬೇಕು. ದೊಡ್ಡದಾದರೆ ಬೀಳುವ ಹೊತ್ತಿಗೆ ಜಾರಿ ಮೀನಖಂಡಕ್ಕೆ ಬಂದಿರುತ್ತವೆ.

ಬೂಟಿನ ವಿಷಯಕ್ಕೆ ನಮ್ಮ ನೆಲವನ್ನೇ ನೋಡಿ ಹೇಳಬೇಕು. ಅಣ್ಣ ಹುಡುಗನನ್ನು ಓಡಿಸುವುದು ತೊಗರಿ ಕಟಾವಾದ ಮೇಲೆ, ನಮ್ಮದೇ ಹೊಲದಲ್ಲಿ. ತೊಗರಿ ಕೂಳೆ ಗೊತ್ತಲ್ವಾ? ಓರೆಯಾಗಿ ಕತ್ತರಿಸಿದ ಕಟ್ಟಿಗೆ ಗೂಟ. ಕ್ಯಾನ್ವಾಸ್ ಶೂ ಅದರ ಮುಂದೆ ಕಾಗದ. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಟ್ಟಾಗ ಸಣ್ಣ ಚಕ್ರ ಅದರೊಳಗೆ ಇಳಿದು ನಿಂತುಬಿಡುತ್ತದೆ. ಗಾಡಿ ಕಾಲಿನ ಮೇಲೇ ಮಗುಚುತ್ತದೆ, ಸೈಲೆನ್ಸರ್ ಸುಡುತ್ತಿರುತ್ತದೆ. ಹಿಮ್ಮಡಿಯಿಂದ ಮೊಣಕಾಲಿನ ಕೆಳಗಿನವರೆಗೆ ಗಟ್ಟಿಯಾಗಿ ಹಿಡಿಯುವ, ಬಕಲ್ ಇರುವ ಬೂಟೇ ಬೇಕು. ಬೆಲೆ ಜಾಸ್ತಿ, ಪಾದ ಬೇಗ ಬೆಳೆಯುತ್ತದೆ. ಆದ್ದರಿಂದ ಹಳೆಯದು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಬಹುದು. ಬದುವಿನಲ್ಲಿ ಬಳ್ಳಾರಿ ಜಾಲಿ ಇದ್ದೇ ಇರುತ್ತದೆ, ಕೈಗೆ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಬಿಡುವಂತಿಲ್ಲ. ಶಹಾಬಾದ್, ಚಿತ್ತಾಪುರದ ಕಡೆ ಕಲ್ಲುಗಣಿಯ ಪಕ್ಕ ಓಡಿಸುವವರೂ ಇದ್ದಾರೆ. ಫರ್ಸಿ ಕಲ್ಲಿನ ಚೂರುಗಳ ಅಂಚು ಚೂಪು. ಮುಂದೆ ಇನ್ನೊಂದು ಬೈಕ್ ಹೋಗುತ್ತಿದ್ದರೆ ಅದರ ಹಿಂದಿನ ಚಕ್ರ ಆ ಚೂರನ್ನೇ ಎತ್ತಿ ಎಸೆಯುತ್ತದೆ. ಎದೆಯ ಗಾರ್ಡ್ ಅಂತ ಮಾಡಿರುವುದೇ ಇದಕ್ಕೆ.

ಇಷ್ಟೆಲ್ಲ ಹೇಳಿದ ಮೇಲೆ ಅಣ್ಣನ ಗಟ್ಟಿ ಪ್ರಶ್ನೆ ಬಂತು. "ಮೇ ತಿಂಗಳ ಬಿಸಿಲಾಗ ಇದನ್ನೆಲ್ಲ ಹಾಕಿದ್ರ ಹುಡುಗ ಬೆಂದು ಹೋಗ್ತಾನ." ಇದು ಖರೆ. ಕಲಬುರಗಿಯಲ್ಲಿ 42 ಡಿಗ್ರಿ ಅಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಆ ಬಿಸಿಲಿಗೆ ಈ ಉಡುಪು ಆಗುವುದಿಲ್ಲ. ಹಾಗಂತ ಗಾರ್ಡ್ ಬಿಚ್ಚುವುದಲ್ಲ, ಹೊತ್ತು ಬದಲಿಸುವುದು. ಬೇಸಿಗೆಯಲ್ಲಿ ಬೆಳಿಗ್ಗೆ ಆರರಿಂದ ಎಂಟರೊಳಗೆ ಮುಗಿಸಬೇಕು, ನಡುನಡುವೆ ನೆರಳಿಗೆ ಬಂದು ಹೆಲ್ಮೆಟ್ ತೆಗೆದು ನೀರು ಕುಡಿಸಬೇಕು. ಸೆಕೆ ಅಂತ ಹುಡುಗ ಒಂದನ್ನು ಬಿಚ್ಚಿದರೆ ಅವತ್ತಿನ ಓಟ ಅಲ್ಲಿಗೇ ಮುಗಿಯಿತು.

ಮನೆಯಿಂದ ಹೊಲಕ್ಕೆ ಆ ಬೈಕನ್ನು ಹುಡುಗನೇ ಓಡಿಸಿಕೊಂಡು ಹೋಗುವಂತೆಯೂ ಇಲ್ಲ. ಟಂಟಂ ಆಟೋದಲ್ಲಿ ಹಾಕಿಕೊಂಡೇ ಒಯ್ಯಬೇಕು. ರಸ್ತೆಯಲ್ಲಿ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಈ ಮಾತು ಅಣ್ಣನಿಗೆ ಬೇಗ ನಾಟಿತು.

ಈಗ ಯಾವುದೋ ವಿಡಿಯೋ ನೋಡಿ ಕುತ್ತಿಗೆಯ ಬ್ರೇಸ್, ಅಂದರೆ ಬಿದ್ದಾಗ ಕತ್ತು ವಿಪರೀತ ಬಾಗದಂತೆ ತಡೆಯುವ ಕಾಲರ್‌ನಂಥದ್ದು, ಬೇಕಾ ಅಂತ ಕೇಳುತ್ತಿದ್ದಾನೆ. ಜಿಗಿತ, ರೇಸ್ ಶುರುವಾದರೆ ನೋಡೋಣ. ಅದು ಹೆಲ್ಮೆಟ್ಟಿಗೂ ಎದೆಯ ಗಾರ್ಡಿಗೂ ಹೊಂದಿ ಕೂರಬೇಕು, ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸುವ ವಸ್ತುವಲ್ಲ. ಸದ್ಯಕ್ಕೆ ಆ ದುಡ್ಡಿನಲ್ಲಿ ಬೂಟು ತಗೋ ಅಣ್ಣಾ ಅಂದಿದ್ದೇನೆ.