ಮುಟ್ಟಬೇಡಿ, ಓಡ್ತಾ ಇದೆ

ನಮ್ಮಕ್ಕನ ಮಗಳು ದಾವಣಗೆರೆಯಲ್ಲಿ ಜೀವಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದಾಳೆ. ಸೀನಿಯರ್ ಒಬ್ಬರು ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುವಾಗ ಅವಳಿಗೆ ಬಿಟ್ಟುಹೋದ ಆಸ್ತಿಯೆಂದರೆ ಒಂದು ಪೆನ್‌ಡ್ರೈವ್. ಅದರಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’, ‘ಇದೇ ನೋಡಿ ಸರ್’ ಎಂಬ ಪೈಥಾನ್ ಭಾಷೆಯ ಕೋಡ್ ಫೈಲುಗಳು. ಯಾವ ಸಾಲನ್ನು ಯಾರು, ಯಾವತ್ತು ಬದಲಿಸಿದರೆಂದು ಲೆಕ್ಕ ಇಡುವ ಗಿಟ್ ಎಂಬ ತಂತ್ರಾಂಶ 2005ರಲ್ಲೇ ಬಂದಿದೆ. ಪೆನ್‌ಡ್ರೈವಿಗೆ ಸುದ್ದಿ ಮುಟ್ಟಿರಲಿಲ್ಲ.

ಮಂಡಕ್ಕಿ-ಮಿರ್ಚಿ ತಟ್ಟೆ ಪಕ್ಕಕ್ಕಿಟ್ಟು ಆ ಕೋಡನ್ನು ಓಡಿಸಿದಳು. ಸೀನಿಯರ್ ಲ್ಯಾಪ್‌ಟಾಪಿನ ‘ಮದುವೆ ಫೋಟೋ’ ಫೋಲ್ಡರಿನಲ್ಲಿರುವ ಡೇಟಾನೇ ಬೇಕೆಂದು ಕೋಡ್ ಹಟ ಹಿಡಿಯಿತು. ಅದನ್ನು ಸರಿಪಡಿಸಿದರೆ ನಡುವೆ ಎಲ್ಲವನ್ನೂ 0.37ರಿಂದ ಗುಣಿಸುವ ಸಾಲು. ಪಕ್ಕದಲ್ಲೇ ಟಿಪ್ಪಣಿ: ‘ಮುಟ್ಟಬೇಡಿ, ಓಡ್ತಾ ಇದೆ’.

ಫೋನ್ ಹಚ್ಚಿದಳು. ‘ಅಣ್ಣಾ, ಈ 0.37 ಎಲ್ಲಿಂದ ಬಂತು?’

‘ಗೈಡ್ ಹೇಳಿದ್ರಮ್ಮ.’

ಗೈಡನ್ನು ಕೇಳಿದರೆ, ‘ಅವನೇ ಹಾಕಿದ್ದು, ನಂಗೇನ್ ಗೊತ್ತು?’

ಡೇಟಾ ಶೀಟಿನಲ್ಲಿ ಇನ್ನೊಂದು ತಮಾಷೆ. ಜೀನ್‌ಗಳ ಹೆಸರಿನ ಸಾಲಿನಲ್ಲಿ ‘1-ಮಾರ್ಚ್’ ಕೂತಿತ್ತು. ‘ಪ್ರಯೋಗ ಮಾಡಿದ ತಾರೀಖಿರಬೇಕು’ ಅಂದೆ ನಾನು, ದೊಡ್ಡವನಂತೆ. ಅಲ್ಲವಂತೆ. ಮಾರ್ಚ್1 ಎಂಬ ಹೆಸರಿನ ಜೀನೇ ಇತ್ತು, ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತಿತ್ತು. ಪ್ರಕಟವಾದ ಎಷ್ಟೋ ಪ್ರಬಂಧಗಳ ಪಟ್ಟಿಗಳಲ್ಲೂ ಈ ಎಡವಟ್ಟಿದೆ. ಕೊನೆಗೆ 2020ರಲ್ಲಿ ಹೆಸರಿಡುವ ಸಮಿತಿಯೇ ಸೋತು, ಅದನ್ನು ಮಾರ್ಚ್‌ಎಫ್1 ಎಂದು ಬದಲಿಸಿತು. ಲಗ್ನಪತ್ರಿಕೆಯಲ್ಲಿ ಅಚ್ಚಿನ ತಪ್ಪಾಯಿತೆಂದು ಮದುಮಗನ ಹೆಸರನ್ನೇ ಬದಲಿಸಿದ ಹಾಗೆ!

‘ಇದನ್ನೆಲ್ಲ ಶುದ್ಧ ಮಾಡಿ, ರೀಡ್‌ಮಿ ಬರೆದು, ಗಿಟ್‌ಹಬ್‌ಗೆ ಹಾಕ್ತೀನಿ ಮಾಮ’ ಅಂದಳು. ರೀಡ್‌ಮಿ ಅಂದರೆ ಕೋಡ್ ಬಳಸುವ ಬಗೆ ತಿಳಿಸುವ ಚೀಟಿ, ಗಿಟ್‌ಹಬ್ ಅಂದರೆ ಕೋಡನ್ನು ಎಲ್ಲರಿಗೂ ಕಾಣುವಂತೆ ಇಡಬಹುದಾದ ಜಾಲತಾಣ. ಒಪ್ಪಿಗೆ ಕೇಳಲು ಮತ್ತೆ ಫೋನ್. ಸೀನಿಯರ್ ಬೆಚ್ಚಿಬಿದ್ದರು. ‘ಬ್ಯಾಡಮ್ಮ, ನೋಡಿದೋರು ನಗ್ತಾರೆ!’

ನಗುವವರು ನಗಲಿ. ಹಾರ್ವರ್ಡಿನ ರೈನ್‌ಹಾರ್ಟ್, ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ದೇಶಗಳ ಸಾಲದ ಬಗ್ಗೆ ಬರೆದ ಪ್ರಬಂಧ ಸರ್ಕಾರಗಳವರೆಗೂ ಸದ್ದು ಮಾಡಿತ್ತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರದೇ ಎಕ್ಸೆಲ್ ಶೀಟು ಕೇಳಿ ತರಿಸಿಕೊಂಡು ನೋಡಿದರೆ, ಸರಾಸರಿಯಲ್ಲಿ ಐದು ದೇಶಗಳೇ ಬಿಟ್ಟುಹೋಗಿದ್ದವು. ಎಲ್ಲರೂ ಅವರನ್ನು ಆಡಿಕೊಂಡರು. ನನಗೋ ಅವರ ಮೇಲೆ ಗೌರವ: ಕೇಳಿದ ಹುಡುಗನಿಗೆ ಶೀಟು ಕೊಟ್ಟರಲ್ಲ! ನಮ್ಮಲ್ಲಿ ಡೇಟಾ ಕೇಳಿದರೆ ‘ಸಿಸ್ಟಮ್ ಫಾರ್ಮ್ಯಾಟ್ ಆಯ್ತು’ ಅನ್ನುತ್ತಾರೆ.

ಹುಡುಗಿ ಜಾಣೆ. ‘ಅಣ್ಣಾ, ಜೆನೊಡೊ ಅನ್ನೋ ಸಂಶೋಧನಾ ಭಂಡಾರದಲ್ಲೂ ಇಟ್ರೆ ಡಿಒಐ ಅನ್ನೋ ಶಾಶ್ವತ ಗುರುತಿನ ನಂಬರ್ ಸಿಗುತ್ತೆ. ಬಳಸಿದೋರು ನಿಮ್ಮ ಹೆಸರು ಹಾಕಿ ಉಲ್ಲೇಖಿಸಬಹುದು.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ನನ್ನ ಹೆಸರೇ ಮೊದ್ಲು ಬರುತ್ತಲ್ವಾ? ಇನಿಷಿಯಲ್ ಸಮೇತ ಹಾಕಮ್ಮ, ಪ್ರಮೋಷನ್ ಫೈಲಿಗೆ ಬೇಕಾಗುತ್ತೆ.’