ಇಲಿಗೊಂದು ಕೌದಿ

ಧಾರವಾಡದಿಂದ ದೊಡ್ಡವ್ವ ಬಂದಿದ್ದಳು. ನನ್ನ ಮೇಜಿನ ಮೇಲಿದ್ದದ್ದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದಳು.

"ಏನ ಇದು?"

"ಕೌದಿ."

ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದಳು. "ಯಾರಿಗೆ ಹೊಚ್ಚಾಕಿ ಇದನ್ನ? ಇಲಿಗೇನು?"

ಆಕೆಯದೇನೂ ತಪ್ಪಿಲ್ಲ. ಕೌದಿ ಅಂದರೆ ಹಳೇ ಬಟ್ಟೆಯ ಪದರ ಸೇರಿಸಿ ಹೊಲಿದ ಹೊದಿಕೆ, ನನ್ನದು ಇದ್ದದ್ದೇ ಪೋಸ್ಟ್‌ಕಾರ್ಡಿನಷ್ಟು. ನಂದಿನಿ ಹಾಲಿನ ನೀಲಿ ಪ್ಯಾಕೆಟ್ಟಿನ ತುಂಡು, ಈರುಳ್ಳಿ ಬಂದ ಕೆಂಪು ಬಲೆ ಚೀಲ, ಎರಡು ಬಸ್ ಟಿಕೆಟ್ಟು, ಅಮ್ಮನ ಇಳಕಲ್ ಸೀರೆಯ ಸೆರಗಿನ ಒಂದು ಚೂರು. ಅಡಿಯಲ್ಲಿ ಹಳೇ ಪಂಚೆ, ನಡುವೆ ಹಳೇ ಟವೆಲ್ಲು. ಮೂರು ಪದರ, ಮೂರನ್ನೂ ಹಿಡಿದಿಡುವ ಹೊಲಿಗೆ. ಲೆಕ್ಕದ ಪ್ರಕಾರ ಕೌದಿಯೇ ಅಲ್ವಾ?

ಕೌದಿ ಅಂದ ಕೂಡಲೇ ಎಲ್ಲರೂ ನೆನಪುಗಳನ್ನು ಹೊಲಿಯಲು ಶುರುಮಾಡುತ್ತಾರೆ. ಇದು ಅಜ್ಜಿಯ ಸೀರೆ, ಇದು ಕಾಕಾನ ಅಂಗಿ, ಹೀಗೆ. ನನಗೆ ನೆನಪಿರುವುದು ಕೌದಿ ಒಗೆಯುವ ದಿನ ಮಾತ್ರ. ಏಳೆಂಟು ಪದರದ ಹಳೇ ಬಟ್ಟೆ ನೀರು ಕುಡಿದರೆ ಎಮ್ಮೆಕರುವಿನಷ್ಟು ಭಾರ. ಒಂದು ತುದಿ ದೊಡ್ಡವ್ವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹಿಂಡುವಾಗ ಅವಳು ಆ ಕಡೆ ತಿರುವಿದರೆ ನಾನೇ ಈ ಕಡೆ ತಿರುಗಿಬಿಡುತ್ತಿದ್ದೆ. ಒಣಗಲು ಎರಡು ದಿನ. ಸಣ್ಣ ಕೌದಿಯ ಮೇಲೆ ನನಗೆ ಇಷ್ಟು ಪ್ರೀತಿ ಬರಲು ಆ ಹಿಂಡುವಿಕೆಯೂ ಒಂದು ಕಾರಣ ಇರಬೇಕು.

ಹೊದೆಯುವ ವಸ್ತು ಗೋಡೆ ಏರಿದ್ದು ಹೊಸದೇನಲ್ಲ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಅಮೆರಿಕದ ಹಳೇ ಕ್ವಿಲ್ಟ್‌ಗಳನ್ನು, ಅಂದರೆ ಅಲ್ಲಿನ ಕೌದಿಗಳನ್ನು, ಪೇಂಟಿಂಗ್ ತರಹ ಗೋಡೆಗೆ ತೂಗುಹಾಕಿ ಪ್ರದರ್ಶನ ಮಾಡಿದರು. ಅಲ್ಲಿಯವರೆಗೆ ಮಂಚದ ಮೇಲಿದ್ದದ್ದು ಕಲೆ ಅನ್ನಿಸಿಕೊಂಡಿತು. ನಮ್ಮಲ್ಲೂ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳು ಈಗ ಗ್ಯಾಲರಿಗಳ ಗೋಡೆ ಕಂಡಿವೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿದ ತ್ರಿಕೋನದ ಹೂವು, 'ಫುಲ' ಅನ್ನುತ್ತಾರೆ. ಅದಿಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಮುಗಿದಂತೆಯೇ ಅಲ್ಲ. ಮೂಲೆಯ ಹೂವಿನಿಂದ ಯಾರಿಗೂ ಬೆಚ್ಚಗಾಗುವುದಿಲ್ಲ. ಸುಮ್ನೆ ಚೆಂದಕ್ಕೆ. ನನ್ನ ಇಡೀ ಕೌದಿಯೇ ಆ ಮೂಲೆಯ ಹೂವು ಅಂದುಕೊಳ್ಳಿ.

ಬಟ್ಟೆಯಲ್ಲದ್ದನ್ನು ಹೊಲಿಯಲು ಹೊರಟ ಮೇಲೆ ಬಟ್ಟೆ ಎಷ್ಟು ಒಳ್ಳೆಯದು ಅಂತ ಗೊತ್ತಾಯಿತು. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಉಗುರಿನಿಂದ ಎರಡು ಸಲ ಉಜ್ಜಿದರೆ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ. ಹಾಲಿನ ಪ್ಯಾಕೆಟ್ಟಿನಲ್ಲಿ ತೂತು ಬಿದ್ದರೆ ಬಿತ್ತು. ಟಿಕೆಟ್ಟಂತೂ ಇನ್ನೂ ಕಷ್ಟ. ಹೊಲಿಗೆ ಒತ್ತೊತ್ತಾಗಿ ಹಾಕಿದಿರೋ, ಅಂಚೆಚೀಟಿ ಹರಿದ ಹಾಗೆ ಸಾಲಾಗಿ ಹರಿದು ಕೈಗೆ ಬರುತ್ತದೆ. ಹಾಗಾಗಿ ಕಾಗದಕ್ಕೆ ಉದ್ದುದ್ದ ಹೊಲಿಗೆಯೇ ಸರಿ. ಗುಂಡುಸೂಜಿ ಚುಚ್ಚುವಂತಿಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪು ಬೇಕು. ಈರುಳ್ಳಿ ಬಲೆಯೊಂದು ಮಾತ್ರ ಬಂಗಾರ. ಯಾವ ಮಂಕು ಬಟ್ಟೆಯ ಮೇಲೆ ಹರಡಿದರೂ ಅದಕ್ಕೊಂದು ಕಳೆ ಬರುತ್ತದೆ. ನಮ್ಮ ಮನೆಯಲ್ಲಿ ಈರುಳ್ಳಿ ಜಾಸ್ತಿ ಖರ್ಚಾಗುತ್ತಿರುವುದಕ್ಕೆ ಇದೇ ಕಾರಣ ಎಂದು ಮನೆಯವರ ಗುಮಾನಿ.

ಪ್ಲಾಸ್ಟಿಕ್ ಕವರುಗಳನ್ನು ಒಂದರ ಮೇಲೊಂದಿಟ್ಟು, ಮೇಲೆ ಕೆಳಗೆ ಬೇಕಿಂಗ್ ಪೇಪರ್ ಹಾಕಿ ಇಸ್ತ್ರಿ ಮಾಡಿದರೆ ಅವು ಅಂಟಿಕೊಂಡು ದಪ್ಪ ಹಾಳೆಯಾಗುತ್ತವೆ. ಹೊಲಿಯಲು ಬಹಳ ಸುಖ. ಒಂದು ಸಲ ಪೇಪರ್ ಜರುಗಿದ್ದು ನೋಡಲಿಲ್ಲ. ಮರುದಿನ ಮನೆಯವರ ಬಿಳಿ ಅಂಗಿಯ ಬೆನ್ನಿನ ಮೇಲೆ ನೀಲಿ ಬಣ್ಣದ ಸಣ್ಣದೊಂದು ಕೆರೆ. ಅವರು ಏನೂ ಹೇಳಲಿಲ್ಲ. ಸಂಜೆ ಬರುವಾಗ ಇನ್ನೊಂದು ಇಸ್ತ್ರಿಪೆಟ್ಟಿಗೆ ತಂದು ಅದರ ಮೇಲೆ ಮಾರ್ಕರಿನಲ್ಲಿ 'ಬಟ್ಟೆಗೆ' ಅಂತ ಬರೆದಿಟ್ಟರು.

ತುಕ್ಕಿನ ಕತೆ ಇನ್ನೂ ಚೆನ್ನಾಗಿದೆ. ಹಳೇ ಮೊಳೆಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ವಿನೆಗರ್ ಚಿಮುಕಿಸಿ, ಕವರಿನಲ್ಲಿ ಕಟ್ಟಿ ಒಂದೆರಡು ದಿನ ಬಿಡಬೇಕು. ಬಿಚ್ಚಿದರೆ ಮೊಳೆಗಳ ಕಿತ್ತಳೆ ನೆರಳು ಬಟ್ಟೆಯಲ್ಲಿ ಮೂಡಿರುತ್ತದೆ. ಬೇರೆ ದಿನ ಆಗಿದ್ದರೆ ಅದೇ ಕಲೆಗೆ ಸೋಪು ಉಜ್ಜಿ ಉಜ್ಜಿ ಸಾಯುತ್ತಿದ್ದೆವು. ಶಿರಸಿಯ ಗೆಳತಿಯೊಬ್ಬಳು ಒಂದು ಬಾಟಲಿ ಅಡಿಕೆ ಚೊಗರು ಕೊಟ್ಟಿದ್ದಳು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ. ಬಟ್ಟೆಗೆ ತಾಗಿದರೆ ಹೋಗುವ ಮಾತೇ ಇಲ್ಲ. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ 'ಚರಕ'ದವರು ಬಟ್ಟೆಗೆ ಇದರಿಂದಲೂ ಬಣ್ಣ ಹಾಕುತ್ತಾರೆ. ತುಕ್ಕು ಹಿಡಿದ ತುಂಡನ್ನು ನಾನು ಆ ಚೊಗರಿನಲ್ಲಿ ಅದ್ದಿದೆ. ಕಿತ್ತಳೆ ಇದ್ದಲ್ಲೆಲ್ಲ ಕಣ್ಣೆದುರೇ ಕಪ್ಪಾಗುತ್ತಾ ಬಂತು. ಚೊಗರಿನ ಒಗರೂ ಕಬ್ಬಿಣವೂ ಸೇರಿದರೆ ಕಪ್ಪು. ಬಟ್ಟೆಯ ಮೇಲೆ ಕೈಯಿಂದ ಚಿತ್ರ ಬರೆಯುವ ಕಲಂಕಾರಿಯವರ ಕಪ್ಪೂ ಇದೇ ಗುಟ್ಟಿನದು. ಮೊದಲು ಬಟ್ಟೆಯನ್ನು ಅಳಲೆಕಾಯಿ ರಸದಲ್ಲಿ ಅದ್ದಿರುತ್ತಾರೆ. ಆಮೇಲೆ ಹಳೇ ಕಬ್ಬಿಣ ಮತ್ತು ಬೆಲ್ಲ ಹಾಕಿ ಹುಳಿ ಬರಿಸಿದ ನೀರಿನಲ್ಲಿ ಬರೆಯುತ್ತಾರೆ. ನಾನು ಅದನ್ನು ಅಡುಗೆಮನೆಯ ಸಿಂಕಿನಲ್ಲಿ ಕಂಡುಹಿಡಿದವಳ ಹಾಗೆ ಕುಣಿದದ್ದು ಸ್ವಲ್ಪ ಜಾಸ್ತಿಯೇ ಆಯಿತು. ಸಿಂಕಿನ ಕಲೆ ಇನ್ನೂ ಇದೆ.

ಇಷ್ಟೆಲ್ಲ ಹೇಳಿದರೂ ದೊಡ್ಡವ್ವ ಕರಗಲಿಲ್ಲ. ಆಕೆ ಕಸೂತಿ ಕೈಯವಳು. ಗವಂತಿ, ಮುರ್ಗಿ ಹೊಲಿಗೆ ಹಾಕಿದರೆ ಹಿಂದು ಯಾವುದು ಮುಂದು ಯಾವುದು ಗೊತ್ತಾಗಬಾರದು, ಗಂಟು ಕಾಣಲೇಬಾರದು. ನನ್ನದನ್ನು ತಿರುಗಿಸಿ ನೋಡಿದರೆ ಬರೀ ಗಂಟು. ಅದಕ್ಕೆ ಏನೂ ಅನ್ನಲಿಲ್ಲ. ಪಕ್ಕದಲ್ಲಿದ್ದ ತುಕ್ಕಿನ ಕೌದಿಯನ್ನು ಎತ್ತಿಕೊಂಡಳು. ಕಚ್ಚಾ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ, ಒಂದು ಕಡೆ ಅಂಚು ಮುಚ್ಚಿರಲಿಲ್ಲ. ಆ ಬಾಯೊಳಗೆ ಬೆರಳು ಹಾಕಿ ನೋಡಿದಳು.

"ಹೊಟ್ಟಿ ತುಂಬಿಸಿಲ್ಲಲ್ಲ?"

ಮರೆತೇಹೋಗಿತ್ತು. ನಮ್ಮ ಮನೆಯಲ್ಲಿ ಕೌದಿಯ ಬಾಯಿ ಮುಚ್ಚುವ ಮೊದಲು ಒಳಗೆ ತಿನ್ನುವುದು ಏನಾದರೂ ಇಡುತ್ತಿದ್ದರು. ಒಂದು ಚೂರು ಹೋಳಿಗೆ, ಇಲ್ಲವೇ ನಾಲ್ಕು ಅಕ್ಕಿಕಾಳು. ಹಸಿದ ಕೌದಿ ಹೊದ್ದವರು ಹಸಿದಿರ್ತಾರೆ ಅಂತ ಅಜ್ಜಿ ಹೇಳುತ್ತಿದ್ದಳು.

"ಇದನ್ನ ಯಾರೂ ಹೊಚ್ಚಕೊಳ್ಳಂಗಿಲ್ಲಲ್ಲ ದೊಡ್ಡವ್ವ."

"ಕೌದಿ ಅಂತ ನೀನ ಅಂದಿ. ಕೌದಿ ಅಂದಮ್ಯಾಲ ಉಣ್ಣಬೇಕು."

ಅಡುಗೆಮನೆಗೆ ಹೋದಳು. ಅಕ್ಕಿ ಡಬ್ಬಿ ಸಿಗಲಿಲ್ಲವೋ ಏನೋ, ಒಂದು ಚೂರು ಬೆಲ್ಲ ತಂದು ಒಳಗೆ ತುರುಕಿದಳು. ನನ್ನ ಕೈಯಿಂದ ಸೂಜಿ ಕಿತ್ತುಕೊಂಡು ತಾನೇ ಬಾಯಿ ಮುಚ್ಚಿದಳು. ಗಂಟು ಎಲ್ಲಿ ಹೋಯಿತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಊರಿಗೆ ಹೋದ ನಾಲ್ಕನೇ ದಿನ ಫೋನು ಮಾಡಿದಳು. ಗೋಡೆಗೆ ಹಾಕಿದ ಕೌದಿಯವರೆಗೂ ಸ್ವಿಚ್‌ಬೋರ್ಡಿನಿಂದ ಕೆಂಪಿರುವೆಗಳ ಸಾಲು ಹೊರಟಿದೆ ಎಂದೆ.

"ಇಲಿಗೆ ದೊಡ್ಡದಾತು ಬಿಡು," ಎಂದಳು. "ಇರಿವಿಗೆ ಸರಿ ಹೊಂದೇತಿ."