ಇನ್ನೂ ಡೇಟ್ ಕೊಟ್ಟಿಲ್ಲ

ಹೊಸ ಆಲ್ಬಮ್ ಯಾವತ್ತು ಬರುತ್ತೆ ಅಂತ ಹೇಳಿಬಿಟ್ಟರೆ ಅಭಿಮಾನಿಗಳಿಗೆ ಮಾಡಲು ಕೆಲಸವೇ ಇರುವುದಿಲ್ಲ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸುತ್ತು ಹಾಕಿ ಸುಮ್ಮನಿರಬೇಕು. ಹೇಳದೇ ಇದ್ದಾಗಲೇ ಮಜಾ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಕಾಫಿ ಕುಡಿಯುತ್ತಾ ಕೂತ ಕಾಲೇಜು ಹುಡುಗಿಯರು ಅಮೆರಿಕದ ಗಾಯಕಿಯೊಬ್ಬಳ ಉಗುರಿನ ಬಣ್ಣದ ಬಗ್ಗೆ ಗಂಭೀರವಾಗಿ ಚರ್ಚೆ ಮಾಡುವುದು ಇಂಥ ಹೊತ್ತಿನಲ್ಲೇ.

ನನ್ನ ಅಕ್ಕನ ಮಗಳು ಆ ಗುಂಪಿನವಳು. ಟೇಲರ್ ಸ್ವಿಫ್ಟ್ ಅಂದರೆ ಪ್ರಾಣ. ಅವಳ ಲೆಕ್ಕಾಚಾರ ಕೇಳಿದರೆ ಪಂಚಾಂಗ ಬರೆಯುವವರೂ ತಲೆದೂಗಬೇಕು. ಆಲ್ಬಮ್ ಬರುವುದು ಶುಕ್ರವಾರವೇ. ಇದು ಊಹೆ ಅಲ್ಲ. 2015ರ ಜುಲೈ 10ರಿಂದ ಹೊಸ ಆಲ್ಬಮ್‌ಗಳಿಗೆ ಜಗತ್ತಿಗೆಲ್ಲ ಒಂದೇ ವಾರ ಇರಲಿ ಅಂತ ಸಂಗೀತ ಕಂಪನಿಗಳೇ ಗೊತ್ತು ಮಾಡಿಕೊಂಡಿವೆ. ಅದಕ್ಕೆ ಮೊದಲು ಬ್ರಿಟನ್ನಿಗೆ ಸೋಮವಾರ, ಅಮೆರಿಕಕ್ಕೆ ಮಂಗಳವಾರ. ಸರಿ, ವಾರ ಸಿಕ್ಕಿತು. ಯಾವ ಶುಕ್ರವಾರ ಅನ್ನುವುದಕ್ಕೆ ಸುಳಿವು ಅವಳ ಉಗುರು, ಓಲೆ, ಉಡುಪು, ಕೊನೆಗೆ 13. ಆಕೆ ಹುಟ್ಟಿದ್ದು ಡಿಸೆಂಬರ್ 13ಕ್ಕೆ, ಅದೇ ಅವಳ ಅದೃಷ್ಟದ ಸಂಖ್ಯೆ. ಯಾವ ತಾರೀಕನ್ನಾದರೂ ಕೂಡಿ, ಕಳೆದು, ಹಿಂದುಮುಂದು ಮಾಡಿ 13ಕ್ಕೆ ತಂದು ನಿಲ್ಲಿಸುವ ಚಾಕಚಕ್ಯತೆ ನಮ್ಮ ಹುಡುಗಿಗಿದೆ. ಪಿಯುಸಿಯಲ್ಲಿ ಇದೇ ಗಣಿತ ಕೈಕೊಟ್ಟಿತ್ತು, ಆ ಮಾತು ಬೇರೆ.

ಆದರೆ ಅಸಲಿ ಕಥೆ 'ರೆಪ್ಯುಟೇಶನ್' ಆಲ್ಬಮ್‌ನದು. ಅದು ಬಂದದ್ದು 2017ರಲ್ಲಿ. ಆಮೇಲೆ ಇದೂ ಸೇರಿ ಹಳೆಯ ಆರು ಆಲ್ಬಮ್‌ಗಳ ಮೂಲ ಧ್ವನಿಮುದ್ರಿಕೆಗಳು ಬೇರೆಯವರ ಕೈಗೆ ಹೋದವು. ತನ್ನದೇ ಹಕ್ಕಿರುವ ಮುದ್ರಿಕೆಗಳು ಇರಲಿ ಅಂತ ಆಕೆ ಅವನ್ನೆಲ್ಲ ಮತ್ತೆ ಹಾಡಿ ತರಲು ಹೊರಟಳು. 2021ರಲ್ಲಿ ಎರಡು, 2023ರಲ್ಲಿ ಎರಡು ಬಂದವು. ಮುಂದಿನದು ಇದೇ ಅಂತ ಎಲ್ಲರೂ ಕಾದರು. ಈ ಆಲ್ಬಮ್‌ನ ಗುರುತು ಹಾವು. ಹಾಗಾಗಿ ಆಕೆಯ ಬೆರಳಲ್ಲಿ, ತೋಳಲ್ಲಿ ಹಾವಿನಂಥದ್ದು ಏನು ಕಂಡರೂ ಇಲ್ಲಿ ಆಲ್ದೂರಿನ ತೋಟದ ಮನೆಯಲ್ಲಿ ಕಿರುಚಾಟ. ನಿಜವಾದ ಹಾವು ಬಂತೇನೋ ಅಂತ ಅಕ್ಕ ಕೋಲು ಹಿಡಿದು ಬಂದದ್ದೂ ಇದೆ.

2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಸಮಾರಂಭಕ್ಕೆ ಸ್ವಲ್ಪ ಮೊದಲು ಆಕೆಯ ಪ್ರೊಫೈಲ್ ಚಿತ್ರ 'ರೆಪ್ಯುಟೇಶನ್' ಮುಖಪುಟದ ಹಾಗೆ ಕಪ್ಪುಬಿಳುಪಾಯಿತು. ಬಂತು, ಇವತ್ತೇ ಹೇಳ್ತಾಳೆ ಅಂತ ಅಭಿಮಾನಿಗಳೆಲ್ಲ ಉಸಿರು ಬಿಗಿಹಿಡಿದರು. ಆಕೆ ವೇದಿಕೆ ಹತ್ತಿ ಬೇರೆಯೇ ಹೊಸ ಆಲ್ಬಮ್‌ನ ಹೆಸರು ಹೇಳಿದಳು, ಏಪ್ರಿಲ್ 19 ಅಂತ ಡೇಟೂ ಕೊಟ್ಟಳು. ಅಷ್ಟಾದರೂ ಹಾವಿನ ಹುಡುಕಾಟ ನಿಲ್ಲಲಿಲ್ಲ. 2025ರ ಮೇ 30ರಂದು ಆಕೆ ಅಭಿಮಾನಿಗಳಿಗೆ ಒಂದು ಪತ್ರ ಬರೆದಳು. ಹಳೆಯ ಧ್ವನಿಮುದ್ರಿಕೆಗಳನ್ನು ಕೊಂಡುಕೊಂಡೆ, 'ರೆಪ್ಯುಟೇಶನ್' ಅನ್ನು ಕಾಲು ಭಾಗ ಕೂಡ ಮತ್ತೆ ಹಾಡಿಲ್ಲ ಅಂತ. ಇಷ್ಟು ದಿನ ಲೆಕ್ಕ ಹಾಕಿದ್ದು ಇಲ್ಲದ ಆಲ್ಬಮ್‌ಗೆ! ಈಗಲಾದರೂ ಮುಖ ಸಣ್ಣದಾಗುತ್ತದೆ ಅಂದುಕೊಂಡೆ. ಎಲ್ಲಿ? "ನೋಡಿದ್ಯಾ ಮಾಮ, ಅದಕ್ಕೇ ಅವಳು ಡೇಟ್ ಕೊಟ್ಟಿರಲಿಲ್ಲ" ಅಂದಳು.

ಊಹೆ ಮಾಡುವವರಿಗೆ ಸೋಲೇ ಇಲ್ಲ ಅನ್ನುವುದು ನನಗೆ ಹೊಳೆದದ್ದು ಭಾವನನ್ನು ನೋಡಿ. ಮಗಳಿಗೆ ಹುಚ್ಚು ಅನ್ನುವ ಅವರು ಮಾರ್ಚ್ ಬಂತೆಂದರೆ ತಾವೂ ಮನುಷ್ಯರಾಗಿರುವುದಿಲ್ಲ. ಕಾಫಿಗೆ ಹೂ ಮಳೆ ಬೇಕು. ಒಂದು ಇಂಚು ಹದವಾಗಿ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಯಾವತ್ತು ಬೀಳುತ್ತೆ? ಭಾವ ಇರುವೆ ನೋಡುತ್ತಾರೆ, ಸೆಕೆ ನೋಡುತ್ತಾರೆ, ಫೋನಿನಲ್ಲಿ ಮೋಡ ನೋಡುತ್ತಾರೆ. ಕಳಸದ ಗೆಳೆಯನಿಗೆ ಫೋನ್ ಮಾಡಿ "ಎಷ್ಟು ಸೆಂಟ್ಸ್ ಬಿತ್ತು?" ಅಂತ ಕೇಳುತ್ತಾರೆ (ನೂರು ಸೆಂಟ್ಸ್ ಅಂದರೆ ಒಂದು ಇಂಚು ಮಳೆ). ಹೇಳಿದ ದಿನ ಮಳೆ ಬಾರದಿದ್ದರೆ ತಪ್ಪು ಮೋಡದ್ದು, ಭಾವನದಲ್ಲ.

ಅಮೆರಿಕದ ಇನ್ನೊಬ್ಬ ಗಾಯಕಿ ಬಿಯಾನ್ಸೆ 2013ರ ಡಿಸೆಂಬರ್ 13ರಂದು ಒಂದು ಮಾತೂ ಹೇಳದೆ ಇಡೀ ಆಲ್ಬಮ್ ತಂದು ಸುರಿದಳು. ಅದನ್ನು ಭಾರೀ ಸಾಹಸ ಅಂತ ಹೊಗಳುತ್ತಾರೆ. ನನಗೇನೋ ಅದು ಸ್ವಲ್ಪ ಅನ್ಯಾಯ ಅನಿಸುತ್ತೆ. ಪಾಪ, ಊಹೆ ಮಾಡುವವರಿಗೆ ಒಂದು ಅವಕಾಶವನ್ನಾದರೂ ಕೊಡಬೇಕಿತ್ತು, ಅಲ್ವಾ?

ಮೊನ್ನೆ ಭಾವನ ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಪುರೋಹಿತರು ಏಪ್ರಿಲ್‌ನ ಒಂದು ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ ಮುಹೂರ್ತ ಹೇಳಿದರು. ನಮ್ಮ ಹುಡುಗಿ ಹೌಹಾರಿದಳು. ಆ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ರಾತ್ರಿ ಹನ್ನೆರಡು ಹೊಡೆದಾಗ ನಮ್ಮಲ್ಲಿ ಸರಿಯಾಗಿ ಒಂಬತ್ತೂವರೆ. ಆಲ್ಬಮ್ ಬರುವುದು ಆಗಲೇ.

"ಅವತ್ತು ಬರುತ್ತೆ ಅಂತ ಯಾರು ಹೇಳಿದ್ರೇ?" ಅಂತ ಭಾವ ರೇಗಿದರು.

"ಯಾರೂ ಹೇಳಿಲ್ಲಪ್ಪ. ಬರಲ್ಲ ಅಂತಾನೂ ಹೇಳಿಲ್ಲ."

ಭಾವ ತಲೆ ಚಚ್ಚಿಕೊಂಡು ತಮ್ಮನ ಕಡೆ ತಿರುಗಿದರು. "ಶಾಮಿಯಾನಕ್ಕೆ ಶೀಟ್ ಹಾಕಿಸೋ. ಅವತ್ತು ಮಳೆ ಗ್ಯಾರಂಟಿ."